ಮಗನ ಸಾಲ, ಅಪ್ಪನ ಸಹಿ

(ಡೊಂಬಿವಲಿಯ ಓದುಗರೊಬ್ಬರ ಪತ್ರದ ಸಾರ: ಮಗನ ಇಂಜಿನಿಯರಿಂಗ್ ಓದಿಗೆ ತೆಗೆದ 7 ಲಕ್ಷ ರೂಪಾಯಿ ಸಾಲದ ಕಂತು ಎರಡು ತಿಂಗಳಿಂದ ಬಾಕಿಯಿದೆ. ಪುಣೆಯಲ್ಲಿ ನೌಕರಿಯಲ್ಲಿರುವ ಮಗ ಆ ಮಾತೆತ್ತಿದರೆ ಫೋನ್ ಇಡುತ್ತಾನೆ. ಹೋಟೆಲಿನ ಗಲ್ಲಾದಲ್ಲಿ ದುಡಿದು ನಿವೃತ್ತನಾದ ನಾನು ಹೆಂಡತಿಯ ಬಳೆ ಅಡವಿಟ್ಟು ತೀರಿಸಲೇ?)

ಮಾನ್ಯರೇ,

ತಾವು ಕಳಿಸಿದ ಬ್ಯಾಂಕ್ ನೋಟಿಸಿನ ನಕಲನ್ನು ಎರಡು ಸಲ ಓದಿದೆ. ಅದರಲ್ಲಿ ತಮ್ಮನ್ನು ಹೆಸರಿಸಿರುವುದು ಸಹ-ಸಾಲಗಾರರೆಂದು. ಶಿಕ್ಷಣ ಸಾಲದಲ್ಲಿ ತಂದೆತಾಯಿಯರ ಸಹಿ ಸಾಮಾನ್ಯವಾಗಿ ಹೀಗೆಯೇ ಬೀಳುವುದರಿಂದ, "ಅವನ ಸಾಲ, ಅವನೇ ನೋಡಿಕೊಳ್ಳಲಿ" ಎಂದು ಸುಮ್ಮನಿರಲು ಕಾನೂನು ತಮ್ಮನ್ನು ಬಿಡುವುದಿಲ್ಲ. ಬಾಕಿ 90 ದಿನ ಮೀರಿದರೆ ಸಾಲ ಅನುತ್ಪಾದಕವೆಂದು, ಅಂದರೆ ಮರುಪಾವತಿ ನಿಂತ ಸಾಲವೆಂದು, ದಾಖಲಾಗುತ್ತದೆ; ಸಾಲಗಾರರ ಮರುಪಾವತಿಯ ಚರಿತ್ರೆ ದಾಖಲಿಸುವ ಸಿಬಿಲ್‌ನಲ್ಲಿ ಆ ಕಪ್ಪು ಚುಕ್ಕೆ ಇಬ್ಬರ ಹೆಸರಿಗೂ ಅಂಟುತ್ತದೆ. ತಮಗುಳಿದಿರುವುದು ಹೆಚ್ಚೆಂದರೆ ಒಂದು ತಿಂಗಳು.

ಹಾಗೆಂದು ಬಳೆ ಅಡವಿಡಬೇಡಿ. ಶಿಕ್ಷಣ ಸಾಲದ ಮರುಪಾವತಿಯನ್ನು 15 ವರ್ಷದವರೆಗೂ ಹಂಚಲು ಅವಕಾಶವಿದೆ. ಒಡವೆ ಸಾಲವನ್ನು ಸಾಮಾನ್ಯವಾಗಿ ವರ್ಷದೊಳಗೆ ತೀರಿಸಬೇಕು. ಇನ್ನೊಂದು ಮಾತು: ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಶಿಕ್ಷಣ ಸಾಲದ ಬಡ್ಡಿಯ ಮೇಲೆ 8 ವರ್ಷಗಳವರೆಗೆ ಆದಾಯದಿಂದ ಕಡಿತ ಸಿಗುತ್ತದೆ. ದುಡಿಯುವ ಮಗ ಕಟ್ಟಿದರೆ ಅದು ಉಪಯೋಗಕ್ಕೆ ಬರಬಹುದು, ತೆರಿಗೆಯೇ ಇಲ್ಲದ ತಾವು ಕಟ್ಟಿದರೆ ಇಲ್ಲ. ವಸೂಲಿಯವರ ಕರೆಗೆ ಹೆದರಬೇಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ ಅವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ.

ಪತ್ರದ ಕೊನೆಗೆ, ಹಾಳೆಯ ಅಂಚಿನಲ್ಲಿ, ತಾವು ಬರೆದಿರುವ ಒಂದು ಸಾಲು ನನ್ನನ್ನು ಹೆಚ್ಚು ಕಾಡಿತು: ಮಗ ಮನೆಗೆ ಬಂದ ಭಾನುವಾರ, ಅವನ ಊಟದ ಹೊತ್ತಿಗೆ ಬಾಯಿ ತಪ್ಪಿ ಸಾಲದ ಮಾತು ಬಂದೀತೆಂದು, ತಾವೇ ಚಪ್ಪಲಿ ಮೆಟ್ಟಿ ಸ್ಟೇಷನ್ ಕಡೆಗೆ ಹೋಗಿಬಿಡುತ್ತೀರಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಾ ಕಲಿತವರು ತಾವು. ಆ ತಲೆಮಾರಿನ ನಮ್ಮವರಿಗೆ ಮಗನೆದುರು ಹಣದ ಮಾತಾಡುವುದೆಂದರೆ ಮರ್ಯಾದೆ ಕಳೆದುಕೊಂಡಂತೆ. (ನನ್ನ ತಂದೆಯೂ ಹಾಗೆಯೇ ಇದ್ದರು.) ತಾವು ಮಾತನ್ನು ನುಂಗಿದಷ್ಟೂ ಅವನಿಗೆ ಫೋನ್ ಇಡುವುದು ಸುಲಭವಾಗುತ್ತದೆ. ಅವನ ಸಂಬಳ ಬಾಡಿಗೆಗೇ ಮುಗಿಯುತ್ತಿದ್ದೀತೆಂಬ ಸಾಧ್ಯತೆಯನ್ನೂ ತಳ್ಳಿಹಾಕಲಾಗದು. ಸಂಬಳವೆಷ್ಟೆಂದು ತಾವು ಎಲ್ಲಿಯೂ ಬರೆದಿಲ್ಲ, ಬಹುಶಃ ಕೇಳಿಯೂ ಇಲ್ಲ.

ಈ ಸಲ ಅವನು ಬಂದಾಗ ಮನೆಯಲ್ಲೇ ಇರಿ. ಊಟ ಮುಗಿದ ಮೇಲೆ ನೋಟಿಸನ್ನು ಅವನ ಕೈಗೇ ಕೊಟ್ಟು, ಸೋಮವಾರ ಒಂದು ರಜೆ ಹಾಕಲು ಹೇಳಿ, ಇಬ್ಬರೂ ಶಾಖೆಗೆ ಹೋಗಿರಿ. ಅವಧಿ ವಿಸ್ತರಿಸಿ ಕಂತು ಇಳಿಸಬೇಕೆಂಬ ಅರ್ಜಿಯನ್ನು ಅವನೇ ತನ್ನ ಅಕ್ಷರದಲ್ಲಿ ಬರೆದು ಕೊಡಲಿ. ಸ್ವೀಕೃತಿಯ ಮೊಹರು ಹಾಕಿದ ಪ್ರತಿಯನ್ನು ತಾವು ಇಟ್ಟುಕೊಳ್ಳಿ.

— ಸಂಪಾದಕ