ದೊಡ್ಡ ಗುರಿ ಇಟ್ಟರೂ ಕೆಲಸಗಾರರಿಗೆ ಹುಮ್ಮಸ್ಸು ಬರೋದಿಲ್ಲ, ಯಾಕೆ?

ಬಹಳ ಸಲ ಗುರಿ ಮಸುಕಾಗಿರುತ್ತದೆ, ಅದಕ್ಕೇ. ಚಿಕ್ಕಮಗಳೂರಿನ ಕಾಫಿ ತೋಟವನ್ನೇ ನೋಡಿ. ‘ಈ ವರ್ಷ ನಂಬರ್ ಒನ್ ಕಾಫಿ ಮಾಡೋಣ’ ಅಂದರೆ ಹಣ್ಣು ಕುಯ್ಯುವವರಿಗೆ ನಾಳೆ ಬೆಳಿಗ್ಗೆ ಏನು ಬದಲಾಯಿತು? ಏನೂ ಇಲ್ಲ. ‘ಚೀಲದಲ್ಲಿ ನೂರಕ್ಕೆ ಐದಕ್ಕಿಂತ ಜಾಸ್ತಿ ಹಸಿರು ಕಾಯಿ ಬೇಡ’ ಅನ್ನಿ, ಕೈ ಗಿಡದಲ್ಲೇ ಆರಿಸತೊಡಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಲಾಕ್ 1968ರಲ್ಲೇ ಇದನ್ನು ಬರೆದರು: ‘ಆದಷ್ಟು ಮಾಡಿ’ ಅನ್ನುವುದಕ್ಕಿಂತ ಕಷ್ಟದ, ಖಚಿತವಾದ ಗುರಿ ಕೊಟ್ಟರೆ ಕೆಲಸ ಚೆನ್ನಾಗಿ ಆಗುತ್ತದೆ. ಎಷ್ಟು ಬಾಕಿ ಅಂತ ಗೊತ್ತಿದ್ದರೆ ಗಮನ ಅಲ್ಲಿಗೇ ಹೋಗುತ್ತದೆ, ಅಲ್ವಾ? ಹಾಗಾಗಿ ಸಂಜೆ ತೂಕದ ಹೊತ್ತಿಗೆ ಟಾರ್ಪಾಲಿನ ಮೇಲೆ ಹಣ್ಣು ಸುರಿದು ಅವತ್ತಿನ ಲೆಕ್ಕ ಅವತ್ತೇ ತೋರಿಸಿ. ಹಸಿರು ಹೆಚ್ಚಿದ್ದರೆ ಸುಮ್ನೆ ಬೈಯಬೇಡಿ, ಕೂಲಿ ಯಾವ ಲೆಕ್ಕದಲ್ಲಿ ಕೊಡುತ್ತಿದ್ದೀರಿ ಅಂತ ಮೊದಲು ನೋಡಿ. ಕೂಲಿ ಬರೀ ಕಿಲೋ ಲೆಕ್ಕದಲ್ಲಿದ್ದರೆ ಯಾರು ಆರಿಸುತ್ತಾ ನಿಲ್ಲುತ್ತಾರೆ?