ಓದುಗರ ಪ್ರಶ್ನೆ, ನಮ್ಮ ಉತ್ತರ: ಟ್ರೌಟ್ ಮೀನಿಗೆ ಫ್ಲೈ ಕಟ್ಟುವುದು

ಪ್ರಶ್ನೆ: ಏಪ್ರಿಲ್‌ನಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಹಿಡಿಯಲು ಹೊರಟಿದ್ದೇವೆ. ಫ್ಲೈಗಳನ್ನು (ಗಾಳಕ್ಕೆ ಗರಿ, ದಾರ ಕಟ್ಟಿ ಮಾಡುವ ಹುಳುವಿನ ನಕಲು) ನಾನೇ ಕಟ್ಟಿಕೊಂಡು ಹೋಗುವ ಆಸೆ. ಯಾವುದರಿಂದ ಶುರುಮಾಡಲಿ? ಸಾಮಾನು ಬೆಂಗಳೂರಿನಲ್ಲೇ ಸಿಗುತ್ತದೆಯೇ?
– ಬಸವನಗುಡಿಯ ಓದುಗರು

ಉತ್ತರ: ನೀರಿನ ಮೇಲೆ ತೇಲುವ ಡ್ರೈ ಫ್ಲೈ ನೋಡಲು ಚಂದ, ಹೊಸಬರ ಕೈ ಮೊದಲು ಅದಕ್ಕೇ ಹೋಗುತ್ತದೆ. ಆದರೆ ಟ್ರೌಟ್ ತನ್ನ ಆಹಾರದ ಬಹುಪಾಲನ್ನು ನೀರಿನೊಳಗೇ ಹಿಡಿದು ತಿನ್ನುತ್ತದೆ. ಕಲ್ಲಿನಡಿ ಬೆಳೆಯುವ ಮರಿಹುಳುಗಳನ್ನು ಹೋಲುವ ನಿಂಫ್‌ನಿಂದ ಶುರುಮಾಡಿ. ಕಟ್ಟುವುದು ಸುಲಭ, ಮೀನು ಬೀಳುವ ಸಾಧ್ಯತೆಯೂ ಹೆಚ್ಚು.

ಗಾಳ, ದಾರ, ವೈಸ್ (ಗಾಳವನ್ನು ಕಚ್ಚಿ ಹಿಡಿಯುವ ಸಾಧನ), ಬಾಬಿನ್ ಹೋಲ್ಡರ್ (ದಾರದ ಉರುಳೆ ಹಿಡಿದು ನಳಿಗೆಯ ಮೂಲಕ ದಾರ ಬಿಡುವ ಸಾಧನ) ಇವಿಷ್ಟನ್ನು ಆನ್‌ಲೈನ್‌ನಲ್ಲಿ ತರಿಸಿಕೊಳ್ಳಿ. ಉಳಿದದ್ದು ಊರಲ್ಲೇ ಉಂಟು. ಮೋಟಾರ್ ವೈಂಡಿಂಗ್‌ಗೆ ಬಳಸುವ 38 ಗೇಜ್ ತಾಮ್ರದ ತಂತಿ (ದಪ್ಪ ಸುಮಾರು 0.15 ಮಿ.ಮೀ.) ಎಸ್‌.ಪಿ. ರೋಡಿನ ಕಡೆ ಕೇಳಿ. ಹಿತ್ತಾಳೆ ಮಣಿಗೆ ಚಿಕ್ಕಪೇಟೆಯ ಸುತ್ತಲಿನ ಮಣಿ ಅಂಗಡಿಗಳಿಗೆ ಹೋಗಿ. ಜೊತೆಗೆ ಒಂದು ಗಾಳ ಒಯ್ಯಿರಿ. ಒಡವೆಗೆಂದು ಮಾಡಿದ ಮಣಿಯ ತೂತು ಕಿರಿದಾಗಿದ್ದು, ಎಷ್ಟೋ ಸಲ ಗಾಳದ ಬಾಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಚಿನ್ನದ ಬಣ್ಣದ ಪ್ಲಾಸ್ಟಿಕ್ ಮಣಿ ಬೇಡ, ನಮಗೆ ಬೇಕಿರುವುದು ತೂಕ.

12ನೇ ನಂಬರಿನ ನಿಂಫ್ ಗಾಳ ತೆಗೆದುಕೊಳ್ಳಿ. ನಂಬರ್ ಏರಿದಷ್ಟೂ ಗಾಳ ಚಿಕ್ಕದು ಎಂಬುದು ನೆನಪಿರಲಿ. 12ಕ್ಕೆ ಸುಮಾರು 3 ಮಿ.ಮೀ. ಮಣಿ ಸರಿ, 14ಕ್ಕೆ 2.5ರಿಂದ 2.8. ಮೊದಲು ಗಾಳದ ತುದಿಯ ಬಳಿ ಹಿಂದಕ್ಕೆ ಚಾಚಿದ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ. ಮಣಿ ಸಲೀಸಾಗಿ ತೂರುತ್ತದೆ, ಮೀನನ್ನು ಹೆಚ್ಚು ಗಾಯವಾಗದಂತೆ ಬಿಡಿಸಬಹುದು. ಗಾಳ ಮುರಿಯುವುದಿದ್ದರೆ ಕಟ್ಟುವ ಮೊದಲೇ ಮುರಿದುಹೋಗಲಿ. ಮಣಿಯ ತೂತು ಒಂದು ಕಡೆ ಕಿರಿದಾಗಿದ್ದರೆ ಆ ಬದಿ ಗಾಳದ ಕಣ್ಣಿನತ್ತ (ಮೀನು ಹಿಡಿಯುವ ದಾರ ಕಟ್ಟುವ ತೂತು) ಬರಬೇಕು.

ಮಣಿಯ ಹಿಂದಿನಿಂದ ಗಾಳದ ಬಾಗು ಶುರುವಾಗುವವರೆಗೆ ದಾರವನ್ನು ಒತ್ತಾಗಿ ಒಂದೇ ಪದರ ಸುತ್ತಿ. ಬಾಲಕ್ಕೆ ಕಂದು ಹುಂಜದ ಗರಿಯ 6–8 ಎಳೆ, ಉದ್ದ ಗಾಳದ ನೇರ ಭಾಗದ ಅರ್ಧದಷ್ಟು. ಅಲ್ಲೇ 10 ಸೆಂ.ಮೀ. ತಾಮ್ರದ ತಂತಿ ಕಟ್ಟಿ ಹಿಂದಕ್ಕೆ ಬಿಡಿ. ನವಿಲುಗರಿಯ 3–4 ಎಳೆಗಳ ತುದಿಯಿಂದ ಒಂದು ಸೆಂಟಿಮೀಟರಿನಷ್ಟು ಕತ್ತರಿಸಿ ಹಾಕಿ, ಆ ಕಡೆಯಿಂದ ಕಟ್ಟಿ. ತುದಿ ಬಲು ಪೆಡಸು, ಬಿಟ್ಟರೆ ಅಲ್ಲೇ ತುಂಡಾಗುತ್ತದೆ. ಎಳೆಗಳನ್ನು ದಾರದ ಜೊತೆ ಐದಾರು ಸಲ ಹುರಿ ಮಾಡಿ ಮುಂದಕ್ಕೆ ಸುತ್ತುತ್ತಾ ಬನ್ನಿ. ಹುರಿ ಸಡಿಲವಾದರೆ ಮತ್ತೆರಡು ತಿರುವು ಕೊಡಿ. ಒಂದೇ ಸಲಕ್ಕೆ ಇಪ್ಪತ್ತು ತಿರುವಿದರೆ ಎಳೆ ಕಡಿದುಹೋಗುತ್ತದೆ. ತಂತಿಯನ್ನು ವಿರುದ್ಧ ದಿಕ್ಕಿನಲ್ಲಿ ಐದು ಸುತ್ತು ತಂದು ಕಟ್ಟಿ. ಮಿಕ್ಕ ತಂತಿಯನ್ನು ಹಿಂದೆ ಮುಂದೆ ಆಡಿಸಿ ಮುರಿಯಿರಿ, ಒಳ್ಳೆಯ ಕತ್ತರಿಯ ಬಾಯಿ ಕೆಡಿಸಬೇಡಿ. ಮಣಿಯ ಹಿಂದೆ ಹೇಂಟೆಯ ಮೆತ್ತನೆ ಗರಿ ಒಂದೂವರೆ ಸುತ್ತು, ಅದಕ್ಕಿಂತ ಹೆಚ್ಚು ಬೇಡವೇ ಬೇಡ. ನಾಲ್ಕೈದು ಸುತ್ತಿನ ವಿಪ್ ಫಿನಿಶ್ (ದಾರದ ತುದಿಯನ್ನು ಅದರದೇ ಸುತ್ತುಗಳಡಿ ಸಿಕ್ಕಿಸುವ ಗಂಟು) ಹಾಕಿ, ಒಂದು ಚುಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶ್ ಸೂಜಿಯಲ್ಲಿ ಮುಟ್ಟಿಸಿ. ಫ್ಲೈ ಸಪೂರವಾಗಿರಲಿ. ನಿಜವಾದ ಮರಿಹುಳು ಸಪೂರವೇ ಇರುತ್ತದೆ. ದಪ್ಪ ಫ್ಲೈ ಮುಳುಗುವುದೂ ನಿಧಾನ.

ಪ್ರಶ್ನೆ: ನವಿಲುಗರಿಯ ಮೈ ಒಂದೆರಡು ಮೀನಿಗೇ ಬಿಚ್ಚಿಹೋಗುತ್ತದೆ. ಇನ್ನೊಂದು, ನವಿಲುಗರಿ ಬಳಸುವುದು ಅಪರಾಧವೇ?
– ಮಲ್ಲೇಶ್ವರದ ಓದುಗರು

ಉತ್ತರ: ಟ್ರೌಟ್‌ನ ಹಲ್ಲು ಚಿಕ್ಕದಾದರೂ ಚೂಪು. ಒಂದು ಎಳೆ ಕಡಿದರೂ ಮಿಕ್ಕದ್ದೆಲ್ಲ ಬಿಚ್ಚಿಕೊಳ್ಳುತ್ತದೆ. ನೀವು ತಂತಿಯನ್ನು ಎಳೆ ಸುತ್ತಿದ ದಿಕ್ಕಿನಲ್ಲೇ ಸುತ್ತುತ್ತಿರಬೇಕು. ಹಾಗೆ ಮಾಡಿದರೆ ತಂತಿ ಎಳೆಗಳ ಸಂದಿಯಲ್ಲಿ ಇಳಿದುಬಿಡುತ್ತದೆ, ಅವುಗಳನ್ನು ಅಡ್ಡಲಾಗಿ ಅದುಮುವುದಿಲ್ಲ. ದಿಕ್ಕು ಬದಲಿಸಿ. ಗರಿಯ ಕಣ್ಣಿನ ಸ್ವಲ್ಪ ಕೆಳಗಿನ ಎಳೆಗಳನ್ನೇ ಆರಿಸಿ, ಅಲ್ಲಿ ನವಿರು ದಟ್ಟವಾಗಿರುತ್ತದೆ.

ತಾನಾಗಿ ಉದುರಿದ ನವಿಲುಗರಿಯನ್ನು ದೇಶದೊಳಗೆ ಬಳಸಲು ಅಡ್ಡಿಯಿಲ್ಲ, ಹೊರದೇಶಕ್ಕೆ ಕಳಿಸುವಂತಿಲ್ಲ. ಕಾಡುಕೋಳಿಯ ಕತ್ತಿನ ಗರಿಯನ್ನು ಹಳೆಯ ಫ್ಲೈ ಚಿತ್ರಗಳಲ್ಲಿ ನೋಡಿ ಕೆಲವರು ಹುಡುಕುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಹಕ್ಕಿಯನ್ನು ಕಾಯುತ್ತದೆ. ಯಾರಾದರೂ ಮಾರಲು ಬಂದರೂ ಕೊಳ್ಳಬೇಡಿ.

ಪ್ರಶ್ನೆ: ಕೋಳಿ ಅಂಗಡಿಯಿಂದ ಗರಿ ತಂದು ಡ್ರೈ ಫ್ಲೈ ಕಟ್ಟಿದೆ. ಬಕೆಟ್ ನೀರಿಗೆ ಹಾಕಿದರೆ ಕ್ಷಣದಲ್ಲಿ ಮುಳುಗುತ್ತದೆ. ತಪ್ಪೆಲ್ಲಿ?
– ಫ್ರೇಜರ್ ಟೌನ್ ಓದುಗರು

ಉತ್ತರ: ತಪ್ಪು ಕೋಳಿಯದ್ದು. ಬ್ರಾಯ್ಲರ್ ಕೋಳಿಯನ್ನು ಆರೇಳು ವಾರಕ್ಕೆ ಕತ್ತರಿಸುತ್ತಾರೆ, ಅಷ್ಟರಲ್ಲಿ ಅದಕ್ಕೆ ಬಲಿತ ಗರಿಯೇ ಬಂದಿರುವುದಿಲ್ಲ. ಡ್ರೈ ಫ್ಲೈ ನೀರಿನ ಮೇಲೆ ನಿಲ್ಲುವುದು ಗರಿಯ ಬಿರುಸು ಎಳೆಗಳ ಮೇಲೆ. ಅದಕ್ಕೆ ವರ್ಷ ದಾಟಿದ ನಾಟಿ ಹುಂಜವೇ ಬೇಕು. ರಸೆಲ್ ಮಾರ್ಕೆಟ್ ಕಡೆ ನಾಟಿ ಕೋಳಿ ಮಾರುವವರಿಗೆ ಮೊದಲೇ ಹೇಳಿಟ್ಟು, ಬಿಸಿನೀರಿಗೆ ಅದ್ದುವ ಮುನ್ನ ಕತ್ತಿನ ಮತ್ತು ಸೊಂಟದ ಗರಿ ಕೀಳಿಸಿಕೊಳ್ಳಿ. ಶಾಂಪೂ ಹಾಕಿ ತೊಳೆದು, ಚೆನ್ನಾಗಿ ಜಾಲಿಸಿ, ಕಾಗದದ ಮೇಲೆ ನೆರಳಲ್ಲಿ ಒಣಗಿಸಿ.

ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುದಂಟಿನ ಅಕ್ಕಪಕ್ಕ ಮಬ್ಬಾಗಿ, ಹತ್ತಿಯಂತೆ ಕಾಣುವ ಭಾಗ ನೀರು ಹೀರುತ್ತದೆ. ಅದು ಬುಡದಿಂದ ಅರ್ಧಕ್ಕಿಂತ ಮೇಲೆ ಹೋಗಿದ್ದರೆ ಗರಿಯನ್ನು ನಿಂಫ್‌ಗೆ ಎತ್ತಿಡಿ. ಇಲ್ಲವಾದರೆ ಮಬ್ಬು ಭಾಗವನ್ನು ಸುಲಿದು ಹಾಕಿ. ಗರಿಯನ್ನು ಬಾಗಿಸಿ ಎಳೆಗಳ ತುದಿಯನ್ನು ತುಟಿಗೆ ಒತ್ತಿ; ಚುಚ್ಚಿದರೆ ಒಳ್ಳೆಯದು, ಮಣಿದರೆ ಬೇಡ. ಎಳೆಯ ಉದ್ದ ಗಾಳದ ಬಾಯಿಯ (ಮೊನೆಗೂ ನೇರ ಭಾಗಕ್ಕೂ ನಡುವಿನ ಅಂತರ) ಅಗಲದ ಒಂದೂವರೆಯಿಂದ ಎರಡು ಪಟ್ಟು ಇರಲಿ. ಹೆಚ್ಚು ಉದ್ದವಾದರೆ ಫ್ಲೈ ಮಗುಚುತ್ತದೆ.

ನಾಟಿ ಹುಂಜದ ಗರಿಯಲ್ಲಿ ಬಳಸಲು ಬರುವ ಭಾಗ ಗಿಡ್ಡ. ಹಾಗಾಗಿ ಎರಡು ಗರಿಗಳನ್ನು ಒಟ್ಟಿಗೆ ಕಟ್ಟಿ ಸುತ್ತಬೇಕು. ಫ್ಲೈಗೆಂದೇ ಸಾಕಿದ ವಿದೇಶಿ ಹುಂಜದ ಸೊಂಟದ ಒಂದೇ ಉದ್ದ ಗರಿಯಲ್ಲಿ ಹಲವು ಫ್ಲೈ ಕಟ್ಟಬಹುದು. 16ನೇ ನಂಬರಿಗಿಂತ ಚಿಕ್ಕದು ಕಟ್ಟುವಿರಾದರೆ ಅದಕ್ಕೆ ದುಡ್ಡು ಹಾಕುವುದೇ ಸರಿ. ಬಾತುಕೋಳಿ ಸಿಕ್ಕರೆ ಬಾಲದ ಬುಡದಲ್ಲಿರುವ ಎಣ್ಣೆ ಗ್ರಂಥಿಯ ಸುತ್ತಲಿನ ಪುಟ್ಟ ಗರಿಗಳನ್ನು ಬಿಡಬೇಡಿ. ಎರಡು ಮೂರನ್ನು ರೆಕ್ಕೆಯಾಗಿ ಕಟ್ಟಿದರೆ ಫ್ಲೈ ಸೊಗಸಾಗಿ ತೇಲುತ್ತದೆ. ಅದಕ್ಕೆ ಮಾತ್ರ ತೇಲಿಸುವ ಜೆಲ್ ಹಚ್ಚಬೇಡಿ, ಎಳೆ ಅಂಟಿಕೊಂಡು ಮುದ್ದೆಯಾಗುತ್ತದೆ.

ಪ್ರಶ್ನೆ: ತಲೆ ಭಾಗ ಗಂಟಾಗಿ ಗಾಳದ ಕಣ್ಣು ಮುಚ್ಚಿಹೋಗುತ್ತದೆ. ಟೈಲರ್ ದಾರ, ಸೀರೆ ಕುಚ್ಚಿನ ದಾರ ಎರಡನ್ನೂ ಬಳಸಿ ನೋಡಿದೆ.
– ಜಯನಗರದ ಓದುಗರು

ಉತ್ತರ: ಟೈಲರ್ ದಾರ ಈ ಕೆಲಸಕ್ಕೆ ದಪ್ಪವಾಯಿತು. 70 ಡೀನಿಯರ್ ದಾರ ತರಿಸಿ. ಡೀನಿಯರ್ ಎಂದರೆ 9,000 ಮೀಟರ್ ದಾರದ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ, ರೇಷ್ಮೆ ವ್ಯಾಪಾರದವರಿಗೆ ದಿನನಿತ್ಯದ ಮಾತು. ಕುಚ್ಚಿನ ದಾರ ಬಹುಮಟ್ಟಿಗೆ ರೇಯಾನ್. ಒದ್ದೆಯಾದರೆ ಬಲ ಕಳೆದುಕೊಳ್ಳುತ್ತದೆ, ಕಟ್ಟಲು ಆಗದು. ಆದರೆ ಹುರಿ ಬಿಚ್ಚಿದರೆ ಚಪ್ಪಟೆಯಾಗಿ ಕೂರುವುದರಿಂದ ಮೈ ಸುತ್ತಲು ಬಲು ಚಂದ. ಕಿತ್ತಳೆ ಕುಚ್ಚಿನ ದಾರದ ಮೈ, ಮೇಲೆ ಸಣ್ಣ ಜರಿ ಎಳೆ, ಮುಂದೆ ಮೆತ್ತನೆ ಗರಿ: ಇಷ್ಟರಲ್ಲಿ ಒಳ್ಳೆಯ ವೆಟ್ ಫ್ಲೈ (ನೀರಿನೊಳಗೆ ಮುಳುಗುವ ಫ್ಲೈ) ಆಯಿತು.

ಕಣ್ಣಿನ ಹಿಂದೆ ಇನ್ನೊಂದು ಕಣ್ಣಿನಷ್ಟು ಜಾಗವನ್ನು ಮೊದಲಿಂದಲೂ ಖಾಲಿ ಬಿಡಿ. ಮೈ ಸುತ್ತುವಾಗ ಅದನ್ನು ನುಂಗಿಬಿಟ್ಟರೆ ಆಮೇಲೆ ಏನು ಮಾಡಿದರೂ ತಲೆ ಗಂಟಾಗುತ್ತದೆ. ಒಂದು ವಸ್ತು ನಿಲ್ಲಲು ಬಿಗಿಯಾದ ಮೂರು ಸುತ್ತು ಸಾಕು, ಸಡಿಲವಾದ ಹತ್ತು ಸುತ್ತು ಬರೀ ದಪ್ಪ. ದಾರ ಪದೇಪದೇ ಕಡಿದರೆ ಬಾಬಿನ್ ನಳಿಗೆಯ ಬಾಯಿಗೆ ಹತ್ತಿ ಉಜ್ಜಿ ನೋಡಿ. ಹತ್ತಿ ಸಿಕ್ಕಿಕೊಂಡರೆ ಅಲ್ಲಿ ಗರಗಸದಂಥ ಒರಟು ಅಂಚಿದೆ, ನಳಿಗೆ ಬದಲಿಸಿ.

ಪ್ರಶ್ನೆ: ಇದೇ ಫ್ಲೈಯಲ್ಲಿ ಕಾವೇರಿಯಲ್ಲೂ ಟ್ರೌಟ್ ಹಿಡಿಯಬಹುದೇ?
– ಕೆಂಗೇರಿಯ ಓದುಗರು

ಉತ್ತರ: ಇಲ್ಲ. ಟ್ರೌಟ್‌ಗೆ ಆಮ್ಲಜನಕ ತುಂಬಿದ ತಣ್ಣೀರು ಬೇಕು, 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಒದ್ದಾಡುತ್ತದೆ. ಬ್ರಿಟಿಷರ ಕಾಲದಲ್ಲಿ ತಂದುಬಿಟ್ಟ ಟ್ರೌಟ್ ನೀಲಗಿರಿಯ ಎತ್ತರದ ತೊರೆಗಳಲ್ಲೂ ಕಾಶ್ಮೀರ, ಹಿಮಾಚಲದಲ್ಲೂ ನೆಲೆಯೂರಿತು. ನಮ್ಮ ಬಯಲಿನ ಬೆಚ್ಚನೆ ನೀರು ಅದಕ್ಕಾಗದು. ಹಿಮಾಚಲದಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಮೊಟ್ಟೆಯಿಡುವ ಕಾಲವೆಂದು ನವೆಂಬರ್ 1ರಿಂದ ಫೆಬ್ರುವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ಗಾಳಕ್ಕೆ ತುಕ್ಕು, ಗರಿಗೆ ಹುಳ. ಏನು ಮಾಡಲಿ?
– ಯಲಹಂಕದ ಓದುಗರು

ಉತ್ತರ: ಒದ್ದೆ ಫ್ಲೈಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಪಕ್ಕದವಕ್ಕೂ ತುಕ್ಕು ಹಿಡಿಯುತ್ತದೆ. ಒಂದು ರಾತ್ರಿ ಡಬ್ಬಿ ತೆರೆದಿಟ್ಟು, ಪೂರ್ತಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿ. ಹೊಸದಾಗಿ ತಂದ ಗರಿಯನ್ನು ಹಳೆಯದರ ಜೊತೆ ಸೇರಿಸುವ ಮುನ್ನ ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ ಒಂದು ವಾರ ಫ್ರೀಜರಿನಲ್ಲಿಡಿ. ಎರಡು ದಿನ ಹೊರಗಿಟ್ಟು ಮತ್ತೊಂದು ವಾರ ಒಳಗಿಡಿ. ಮೊದಲ ಸುತ್ತಿನಲ್ಲಿ ಉಳಿದ ಮೊಟ್ಟೆ ಒಡೆದು ಮರಿ ಹೊರಬಂದಿದ್ದರೆ ಎರಡನೆಯದರಲ್ಲಿ ಸಾಯುತ್ತದೆ. ನುಸಿಗುಳಿಗೆಯನ್ನು ಗರಿಯ ಪೆಟ್ಟಿಗೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ಇಡಬಹುದು. ಕಟ್ಟಿ ಮುಗಿದ ಫ್ಲೈಗಳ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮಾತ್ರ ಬೇಡ, ಕೆಲವು ಬಗೆಯ ಪ್ಲಾಸ್ಟಿಕ್ ಅದರಿಂದ ಮೆತ್ತಗಾಗಿ ಅಂಟಂಟಾಗುತ್ತದೆ.