ರೇಡಿಯೋ ಅಯೋಡಿನ್ ತಗೊಂಡರೆ ಕ್ರೋಮೋಸೋಮ್ ಮುರಿಯುತ್ತಾ?

ನಿಮ್ಮ ಅಕ್ಕನಿಗೆ ಗ್ರೇವ್ಸ್ ಕಾಯಿಲೆ (ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ತೊಂದರೆ), ಡಾಕ್ಟರು ರೇಡಿಯೋ ಅಯೋಡಿನ್ ಬರೆದಿದ್ದಾರೆ, ಅದು ಕ್ರೋಮೋಸೋಮ್ (ಕೋಶದೊಳಗೆ ವಂಶವಾಹಿಗಳಿರುವ ಎಳೆ) ಮುರಿಯುತ್ತದೆ ಅಂತ ಎಲ್ಲೋ ಓದಿದ್ದೀರಿ, ಬೇಡ ಅನ್ನೋಣವಾ ಅಂತ ಕೇಳಿದ್ದೀರಿ.

ಮುರಿಯುವುದು ನಿಜ. ಸುಮ್ನೆ ಸಮಾಧಾನ ಹೇಳುವುದಿಲ್ಲ. ನಾನು ಕ್ರೋಮೋಸೋಮ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟರಲ್ಲ. ಹಾಗಾಗಿ ಮೊದಲು ಸ್ಲೈಡಿನ ಮೇಲೆ ಏನು ಕಾಣುತ್ತದೆ ಅಂತ ಹೇಳುತ್ತೇನೆ.

ರೇಡಿಯೋ ಅಯೋಡಿನ್ ಅಂದರೆ ವಿಕಿರಣ ಸೂಸುವ ಅಯೋಡಿನ್-131. ಅದು ಹೊರಡಿಸುವ ಬೀಟಾ ಕಣಗಳು ಮೈಯೊಳಗೆ ಹೆಚ್ಚೆಂದರೆ ಎರಡು ಮಿಲಿಮೀಟರ್ ಹೋಗುತ್ತವೆ. ಹೊಡೆತದ ದೊಡ್ಡ ಪಾಲು ಥೈರಾಯ್ಡ್‌ಗೇ ಬೀಳುತ್ತದೆ, ಬೇಕಾಗಿರುವುದೂ ಅದೇ. ಆದರೆ ಗ್ರಂಥಿಯನ್ನು ಸೇರುವ ಮುಂಚೆ ಅಯೋಡಿನ್ ರಕ್ತದಲ್ಲೇ ತಿರುಗಬೇಕಲ್ವಾ? ಗ್ರಂಥಿಯೊಳಗೂ ರಕ್ತ ಹರಿಯುತ್ತಲೇ ಇರುತ್ತದೆ. ಹಾಗಾಗಿ ಬಿಳಿ ರಕ್ತಕಣಗಳಿಗೂ ಸ್ವಲ್ಪ ತಗಲುತ್ತದೆ.

ನಾವು ನೋಡುವುದು ಆ ಕಣಗಳನ್ನೇ. ಅವುಗಳಲ್ಲಿ ಲಿಂಫೋಸೈಟು ಎಂಬ ಬಗೆಯವು ರಕ್ತದಲ್ಲಿ ಸುಮ್ಮನೆ ಕೂತಿರುತ್ತವೆ, ಒಡೆದು ಎರಡಾಗುವುದಿಲ್ಲ. ರಾಜ್ಮಾ ಕಾಳಿನಿಂದ ತೆಗೆದ ಒಂದು ಪ್ರೋಟೀನ್ ಹಾಕಿ ಅವನ್ನು ಎಬ್ಬಿಸಬೇಕು. 37 ಡಿಗ್ರಿಯಲ್ಲಿ 48 ಗಂಟೆ ಬೆಳೆಸಿ, ವಿಭಜನೆಯ ನಡುವೆಯೇ ಔಷಧಿ ಹಾಕಿ ನಿಲ್ಲಿಸಿ, ಬಣ್ಣ ಹಾಕಿ ನೋಡುತ್ತೇವೆ. ಸರಿಯಾದ ಕ್ರೋಮೋಸೋಮಿಗೆ ಒಂದೇ ಸೊಂಟ (ಸೆಂಟ್ರೋಮಿಯರ್). ಎರಡು ಕ್ರೋಮೋಸೋಮ್ ಮುರಿದು ತಪ್ಪಾಗಿ ಅಂಟಿಕೊಂಡರೆ ಎರಡು ಸೊಂಟದ್ದೊಂದು ಸಿಗುತ್ತದೆ, ಪಕ್ಕದಲ್ಲೇ ಸೊಂಟವಿಲ್ಲದ ಒಂದು ತುಂಡು ಬಿದ್ದಿರುತ್ತದೆ. ಇದಕ್ಕೆ ಡೈಸೆಂಟ್ರಿಕ್ ಅನ್ನುತ್ತೇವೆ. ಯಾವ ಚಿಕಿತ್ಸೆಯನ್ನೂ ಪಡೆಯದವರಲ್ಲೂ ಸಾವಿರ ಕೋಶಕ್ಕೆ ಒಂದರ ಆಸುಪಾಸು ಇದು ಇರುತ್ತದೆ. ಅಯೋಡಿನ್ ಆದಮೇಲೆ ಏರುತ್ತದೆ. ಎಷ್ಟು ಅನ್ನುವುದು ಡೋಸ್ ಮೇಲೆ. ಗ್ರೇವ್ಸ್‌ಗೆ ಸಾಮಾನ್ಯವಾಗಿ 10ರಿಂದ 15 ಮಿಲಿಕ್ಯೂರಿ (ವಿಕಿರಣದ ಅಳತೆ) ಕೊಡುತ್ತಾರೆ, ಥೈರಾಯ್ಡ್ ಕ್ಯಾನ್ಸರಿಗೆ 30ರಿಂದ 200ರವರೆಗೂ ಹೋಗುತ್ತದೆ. ನೀವು ಓದಿದ್ದು ಯಾವುದರ ಬಗ್ಗೆ ಅಂತ ಒಮ್ಮೆ ನೋಡಿ.

ಡೈಸೆಂಟ್ರಿಕ್ ಇರುವ ಕೋಶ ಒಡೆಯಲು ಹೋದಾಗ ಹೆಚ್ಚಾಗಿ ಸಾಯುತ್ತದೆ. ವರ್ಷ ಕಳೆದಂತೆ ಅವು ಕಮ್ಮಿಯಾಗುತ್ತವೆ. ತುಂಡುಗಳು ಅದಲುಬದಲಾಗಿ ಅಂಟಿಕೊಂಡ ಕೋಶಗಳು ಮಾತ್ರ ಬಹಳ ಕಾಲ ಉಳಿಯಬಹುದು. ಇವುಗಳ ಎಣಿಕೆ ಎಷ್ಟು ವಿಕಿರಣ ತಗುಲಿತು ಅಂತ ಹೇಳುತ್ತದೆ, ನಾಳೆ ಅಕ್ಕನಿಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಹಾಗಾಗಿ ಈ ಟೆಸ್ಟ್ ಮಾಡಿಸುತ್ತಾ ಕೂರಬೇಡಿ. ನಮ್ಮ ಲ್ಯಾಬಿಗೆ ಕೆಲಸ ಸಿಗುತ್ತದೆ, ನಿಮಗೆ ಉಪಯೋಗವಿಲ್ಲ.

ಹಾಗಂತ ಅಪಾಯ ಸೊನ್ನೆ ಅಂತಲೂ ಅಲ್ಲ. ಹೈಪರ್‌ಥೈರಾಯ್ಡಿಸಂಗೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದಕ್ಕೆ, ರೇಡಿಯೋ ಅಯೋಡಿನ್ ಪಡೆದವರ ಬಗ್ಗೆ 2019ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಡೋಸ್ ಹೆಚ್ಚಿದಂತೆ ಕ್ಯಾನ್ಸರ್ ಸಾವು ಸ್ವಲ್ಪ ಏರಿದ್ದು ಕಂಡಿತ್ತು. ಅದನ್ನು ಒಪ್ಪದ ತಜ್ಞರೂ ಇದ್ದಾರೆ.

ಮಕ್ಕಳ ವಿಷಯ ಬೇರೆ. ರಕ್ತಕಣದ ಕ್ರೋಮೋಸೋಮ್ ಮುರಿದರೆ ಅದು ಮಗುವಿಗೆ ಹೋಗುವುದಿಲ್ಲ. ಆದರೂ ಹೆಂಗಸರು ಕನಿಷ್ಠ ಆರು ತಿಂಗಳು ಗರ್ಭ ಧರಿಸುವುದನ್ನು ಮುಂದೂಡಬೇಕು. ಈಗಲೇ ಗರ್ಭಿಣಿಯಾಗಿದ್ದರೆ ಅಥವಾ ಹಾಲುಣಿಸುತ್ತಿದ್ದರೆ ಈ ಚಿಕಿತ್ಸೆ ಕೊಡುವುದೇ ಇಲ್ಲ. ಗ್ರಂಥಿ ಹಿಡಿಯದ ಅಯೋಡಿನ್ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ. ಅದಕ್ಕೇ ಮೊದಲ ಎರಡು ದಿನ ಚೆನ್ನಾಗಿ ನೀರು ಕುಡಿದು ಪದೇಪದೇ ಮೂತ್ರಕ್ಕೆ ಹೋಗಿ ಬನ್ನಿ ಅಂತ ಹೇಳುವುದು.

ನನ್ನನ್ನು ಕೇಳಿದರೆ, ಕ್ರೋಮೋಸೋಮಿಗಿಂತ ಮೊದಲು ಅಕ್ಕನ ಕಣ್ಣಿನ ಬಗ್ಗೆ ಕೇಳುತ್ತೇನೆ. ಗ್ರೇವ್ಸ್‌ನಲ್ಲಿ ಕಣ್ಣು ಉಬ್ಬಿ, ಕೆಂಪಾಗಿದ್ದರೆ ರೇಡಿಯೋ ಅಯೋಡಿನ್ ಅದನ್ನು ಜಾಸ್ತಿ ಮಾಡಬಹುದು, ಸಿಗರೇಟ್ ಸೇದುವವರಲ್ಲಂತೂ ಇನ್ನೂ. ಆಮೇಲೆ ಥೈರಾಯ್ಡ್ ಕೆಲಸ ನಿಲ್ಲಿಸುವುದು ಸಾಮಾನ್ಯ, ಜೀವನಪೂರ್ತಿ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು) ಮಾತ್ರೆ ಬೇಕಾಗುತ್ತದೆ. ಥೈರಾಯ್ಡ್ ಕೆಲಸ ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ, ಆಪರೇಷನ್ ಕೂಡ ದಾರಿಗಳೇ. ಈ ಮೂರರಲ್ಲಿ ಇದನ್ನೇ ಯಾಕೆ ಆರಿಸಿದಿರಿ, ಎಷ್ಟು ಮಿಲಿಕ್ಯೂರಿ ಕೊಡುತ್ತೀರಿ, ಕಣ್ಣು ನೋಡಿದ್ದೀರಾ ಅಂತ ಡಾಕ್ಟರನ್ನು ಕೇಳಿ.